ಮರಳುವುದು ಯಾರ ಮನೆಗೆ?

ಕೇಳುಗರಿಗೆ ನಮಸ್ಕಾರ.

ವಿದೇಶದಲ್ಲಿ ಹಲವು ವರ್ಷ ಇದ್ದು ಊರಿಗೆ ಮರಳಿದವರ ಮನೆಗೆ ಒಂದು ಬಗೆಯ ದೂರವಾಣಿ ಕರೆ ಆಗಾಗ ಬರುತ್ತಿರುತ್ತದೆ. ಕರೆ ಮಾಡುವವರು ಪರಿಚಯದವರಿಗೆ ಪರಿಚಯದವರು; ಡಲ್ಲಾಸಿನಿಂದಲೋ ಲಂಡನ್ನಿನಿಂದಲೋ ಮಾತನಾಡುತ್ತಿರುತ್ತಾರೆ. 'ನೀವು ಹೋಗಿ ಬಂದವರು, ನಿಮ್ಮನ್ನೇ ಒಂದು ಮಾತು ಕೇಳೋಣವೆಂದುಕೊಂಡೆ' ಎಂದು ಮಾತು ಆರಂಭವಾಗುತ್ತದೆ. ಮೈಸೂರಿನಲ್ಲಿ ಸಂಸಾರ ನಡೆಸಲು ತಿಂಗಳಿಗೆ ಎಷ್ಟು ಬೇಕು, ಮಕ್ಕಳನ್ನು ಯಾವ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಅಲ್ಲಿ ಕೂಡಿಟ್ಟ ನಿವೃತ್ತಿ ನಿಧಿಯನ್ನು ಏನು ಮಾಡಬೇಕು ಎಂದೆಲ್ಲ ಕೇಳುತ್ತಾರೆ. ನಾನು ತಿಳಿದಷ್ಟು ಹೇಳುತ್ತೇನೆ. ಆದರೆ ಎಂಟು ವರ್ಷಗಳಿಂದ ಈ ಕರೆಗಳಿಗೆ ಉತ್ತರ ಕೊಡುತ್ತ ಬಂದಿರುವ ನನಗೆ ಒಂದು ಸಂಗತಿ ಎದ್ದು ಕಂಡಿದೆ. ಕರೆ ಮಾಡುವವರು ಬಹುಮಟ್ಟಿಗೆ ಗಂಡಸರು, ಮತ್ತು ಅವರು 'ನಾವು ಊರಿಗೆ ವಾಪಸಾಗಬೇಕೆಂದಿದ್ದೇವೆ' ಎನ್ನುವಾಗ ಆ ಊರು ಅವರದು. ಹೆಂಡತಿಯ ಊರು ಬೇರೆ. ಮಕ್ಕಳ ಊರಂತೂ ಇವರು ಬಿಟ್ಟುಬರಬೇಕೆಂದಿರುವ ಊರೇ. ನಾಲ್ಕು ಜನರ ಸಂಸಾರವೊಂದು ವಿಮಾನ ಹತ್ತಿದರೆ ಅದರಲ್ಲಿ ನಿಜವಾಗಿ ಮರಳುತ್ತಿರುವವರು ಒಬ್ಬರೇ. ಉಳಿದ ಮೂವರು ವಲಸೆ ಹೋಗುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಇದು ಹೇಗೆ ನಡೆಯಿತೆಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ನನ್ನ ತವರು ಶಿರಸಿಯ ಹತ್ತಿರದ ಒಂದು ಹಳ್ಳಿ. ಮನೆಯ ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ನಮ್ಮವರು ಮೈಸೂರಿನ ಸರಸ್ವತಿಪುರಂನಲ್ಲಿ ಹುಟ್ಟಿ ಬೆಳೆದವರು. 2004ರಲ್ಲಿ ಮದುವೆಯಾದ ಎರಡು ತಿಂಗಳಿಗೆ ನ್ಯೂಜೆರ್ಸಿಗೆ ಹೋದೆವು. ಅವರದು ನುರಿತ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾ, ನನ್ನದು ಅವರ ಅವಲಂಬಿತಳೆಂಬ ನೆಲೆಯ ಎಚ್-4. ಹೋಗುವ ಮೊದಲು ನಾನು ಪದವಿ ಕಾಲೇಜೊಂದರಲ್ಲಿ ಗಣಿತ ಪಾಠ ಹೇಳುತ್ತಿದ್ದೆ. ಎಚ್-4 ವೀಸಾದವರು ಅಲ್ಲಿ ಓದಬಹುದಿತ್ತು, ಆದರೆ ದುಡಿಯುವಂತಿರಲಿಲ್ಲ. ಅದು ಬದಲಾದದ್ದು 2015ರ ಮೇ 26ರಂದು. ಗಂಡನ ಗ್ರೀನ್ ಕಾರ್ಡ್ ಅರ್ಜಿ, ಎಂದರೆ ಕಾಯಂ ವಾಸದ ಅರ್ಜಿ, ಒಂದು ಹಂತ ದಾಟಿ ಸಾಲಿನಲ್ಲಿ ನಿಂತಿದ್ದರೆ ಹೆಂಡತಿಗೂ ಕೆಲಸದ ಅನುಮತಿ ಕೊಡಬಹುದೆಂಬ ನಿಯಮ ಅಂದು ಜಾರಿಗೆ ಬಂತು. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿಯಿರುವುದರಿಂದ ಭಾರತೀಯರ ಸಾಲು ಬಹಳ ಉದ್ದ. ಆ ಸಾಲು ಕರಗದೆ ಇದ್ದುದರಿಂದಲೇ ನನ್ನಂಥವರಿಗೆ ಈ ಅನುಮತಿ ದಕ್ಕಿತು ಎನ್ನಬೇಕು. ಹೀಗೆ 11 ವರ್ಷ ಮನೆಯಲ್ಲಿದ್ದವಳು ಸಮುದಾಯ ಕಾಲೇಜೊಂದರಲ್ಲಿ, ಲೆಕ್ಕದಲ್ಲಿ ಹಿಂದುಳಿದ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಕೆಲಸಕ್ಕೆ ಸೇರಿದೆ. ಮೊದಲ ಸಂಬಳದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಊರಿಗೆ ಹೊರಟ ದಿನ ಕಿತ್ತು ಪಾಸ್‌ಪೋರ್ಟಿನ ಚೀಲಕ್ಕೆ ಹಾಕಿಕೊಂಡೆ.

ಹೊರಟದ್ದು 2017ರ ಮೇ ತಿಂಗಳಲ್ಲಿ. ಆ ವರ್ಷದ ಜನವರಿಯಲ್ಲಿ ಮಾವನವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ನೋಡಿಕೊಳ್ಳಲು ಅತ್ತೆಯವರು ಒಬ್ಬರೇ ಆದರು. ನಮ್ಮವರು ಹದಿನೈದು ದಿನ ರಜೆ ಹಾಕಿ ಹೋಗಿ ಬಂದ ರಾತ್ರಿಯೇ ನಿರ್ಧಾರವಾಯಿತು. ಆ ರಾತ್ರಿ ನಾನು ಬೇಡವೆನ್ನಲಿಲ್ಲ. ಅದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆಮೇಲಿನ ವಾರಗಳಲ್ಲಿ ಊಟದ ಮೇಜಿನ ಮೇಲೆ ಒಂದು ಹಾಳೆ ಇತ್ತು, ಬರುವುದರಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಎರಡು ಅಂಕಣ ಮಾಡಿ ಬರೆದದ್ದು. ಅವರ ಬೆಂಗಳೂರಿನ ಕೆಲಸ, ಮಗಳ ಶಾಲೆ, ಮನೆ ಮಾರಾಟ, ಮಾವನವರ ಚಿಕಿತ್ಸೆ ಎಲ್ಲವೂ ಅದರಲ್ಲಿದ್ದವು. ನನ್ನ ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ, ಏಕೆಂದರೆ ಹಾಳೆ ತುಂಬ ನನ್ನದೇ ಅಕ್ಷರ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಕೇಳುವವರು ಇದನ್ನೇ ಹೆಚ್ಚು ಕೇಳುತ್ತಾರಾದರೂ ಇದು ಬಲ್ಲವರೊಬ್ಬರ ಎದುರು ಎರಡು ಗಂಟೆ ಕುಳಿತರೆ ಬಗೆಹರಿಯುವ ವಿಚಾರ. ದೀರ್ಘಕಾಲ ಹೊರಗಿದ್ದು ಬಂದವರಿಗೆ ನಮ್ಮ ಆದಾಯ ತೆರಿಗೆ ಕಾನೂನು ಎರಡು ವರ್ಷ, ಕೆಲವರಿಗೆ ಮೂರು ವರ್ಷ, ವಿದೇಶದ ಆದಾಯದ ಮೇಲೆ ಇಲ್ಲಿ ತೆರಿಗೆಯಿಲ್ಲದ ಒಂದು ಸ್ಥಾನವನ್ನು ಕೊಡುತ್ತದೆ. ನೆಲೆಸಲು ಬಂದ ಮೇಲೆ ಅನಿವಾಸಿಗಳಿಗೆಂದು ಇಲ್ಲಿನ ಬ್ಯಾಂಕುಗಳಲ್ಲಿರುವ ಎನ್‌ಆರ್‌ಇ ಖಾತೆಯನ್ನು ಹಾಗೆಯೇ ಬಿಡುವಂತಿಲ್ಲ, ನಿವಾಸಿ ಖಾತೆಯಾಗಿ ಬದಲಿಸಬೇಕು. ಅಲ್ಲಿ ಗಳಿಸಿದ ಆಸ್ತಿಯನ್ನು 1999ರ ಫೆಮಾ, ಎಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ಅಲ್ಲಿಯೇ ಇಟ್ಟುಕೊಳ್ಳಬಹುದು. ಆ ತೆರಿಗೆಯ ಸ್ಥಾನಕ್ಕೆ ಕಾನೂನು ಕೊಟ್ಟಿರುವ ಹೆಸರು ಮಾತ್ರ ನನಗೆ ಬಹಳ ಮೆಚ್ಚುಗೆಯಾಯಿತು: 'ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ.' ಸರಸ್ವತಿಪುರಂನ ಮನೆಯಲ್ಲಿ ನನ್ನ ಮೊದಲ ಎರಡು ವರ್ಷಗಳನ್ನು ಇದಕ್ಕಿಂತ ಸರಿಯಾಗಿ ಹೇಳಲು ನನ್ನಿಂದಾಗದು.

ಇದೇ ಲೆಕ್ಕದಲ್ಲಿ ನನಗೆ ಚುಚ್ಚಿದ ಒಂದು ಅಂಶವಿದೆ. ಅಮೆರಿಕದ ಸಾಮಾಜಿಕ ಭದ್ರತಾ ಪಿಂಚಣಿಗೆ ಸ್ವಂತ ದುಡಿಮೆಯ ಮೇಲೆ ಅರ್ಹರಾಗಲು 40 ಅಂಕ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಿಗುತ್ತವೆ. ಅಂದರೆ ಹತ್ತು ವರ್ಷದ ದುಡಿಮೆ. ಎರಡು ದೇಶಗಳಲ್ಲಿ ದುಡಿದ ಕಾಲವನ್ನು ಕೂಡಿಸಿ ಲೆಕ್ಕ ಹಿಡಿಯುವ ಒಪ್ಪಂದವನ್ನು ಅಮೆರಿಕ ಹಲವು ದೇಶಗಳೊಂದಿಗೆ ಮಾಡಿಕೊಂಡಿದೆ, ಭಾರತದೊಂದಿಗೆ ಇಲ್ಲ. ನಮ್ಮವರು 13 ವರ್ಷ ದುಡಿದಿದ್ದರು, ಅವರ 40 ದಾಟಿತ್ತು. ನನ್ನವು ಎಂಟು. ಆ ಎಂಟಕ್ಕೆ ಅಲ್ಲಿಯೂ ಬೆಲೆಯಿಲ್ಲ, ಇಲ್ಲಿಯೂ ಇಲ್ಲ.

ಇನ್ನು ಮನೆಯೆಂಬ ಮಾತಿಗೆ ಬರುತ್ತೇನೆ. ನ್ಯೂಜೆರ್ಸಿಯ ಅಡುಗೆಮನೆಯ ಕಿಟಕಿಯಲ್ಲಿ ಒಂದೆಲಗದ ಕುಂಡವೊಂದಿತ್ತು. ಹೊರಗೆ ಹಿಮ ಬಿದ್ದಿರುವಾಗ ಅದನ್ನು ಹೀಟರಿನ ಪಕ್ಕಕ್ಕೆ ಸರಿಸಿ, ಬೆಳಕಿಗೆಂದು ಮೇಜಿನ ದೀಪವನ್ನು ಬಗ್ಗಿಸಿ ಇಟ್ಟು ಸಾಕಿದ್ದೆ. ವಾರಕ್ಕೊಮ್ಮೆ ನಾಲ್ಕೆಂಟು ಎಲೆ ಕಿತ್ತು, ಶೀತಲಪೆಟ್ಟಿಗೆಯಲ್ಲಿ ಕಲ್ಲಾಗಿದ್ದ ತೆಂಗಿನ ತುರಿಯನ್ನು ಬಿಸಿನೀರಿನಲ್ಲಿ ಸಡಿಲಿಸಿ, ತಂಬುಳಿ ಮಾಡುತ್ತಿದ್ದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಅಲ್ಲಿ ಎಂದೂ ಬರಿದಾಗಲಿಲ್ಲ. ಮೈಸೂರಿಗೆ ಬಂದ ಮೇಲೆ ಒಂದೆಲಗ ದೇವರಾಜ ಮಾರುಕಟ್ಟೆಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ, ಆದರೆ ತಂಬುಳಿ ನಿಂತುಹೋಯಿತು. ಮನೆಯ ಅಡುಗೆ ಅತ್ತೆಯವರ ಪದ್ಧತಿಯದು. ಹುಳಿ, ತಿಳಿಸಾರು, ಗೊಜ್ಜು. ಅದೂ ಚೆನ್ನಾಗಿಯೇ ಇರುತ್ತದೆ. ಮಾವನವರಿಗೆ ತಣ್ಣನೆಯ ತಂಬುಳಿ ಒಗ್ಗದು, 'ಮಜ್ಜಿಗೆಗೆ ಸೊಪ್ಪು ಕಲಸಿದ ಹಾಗಿದೆ' ಎಂದು ನಗುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ, ಆದರೂ ನಿಂತುಹೋಯಿತು. ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಶಿರಸಿಯವಳಾಗಿಯೇ ಉಳಿದಿದ್ದ ನಾನು ಸ್ವಂತ ರಾಜ್ಯಕ್ಕೆ ಬಂದು ಮೈಸೂರಿನವಳಾದೆ.

ಆಯಿಯ, ಎಂದರೆ ನನ್ನ ತಾಯಿಯ, ಜೊತೆಗಿನ ಮಾತೂ ಹಾಗೆಯೇ ಆಯಿತು. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಗಡಿಯಾರ ನಮ್ಮ ಗಡಿಯಾರಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಎಂಟು ಗಂಟೆಗೆ ನಾನು ಕರೆ ಮಾಡಿದರೆ ಶಿರಸಿಯಲ್ಲಿ ಸಂಜೆ ಐದೂವರೆ. ಆಯಿ ಚಹಾ ಮುಗಿಸಿ ಜಗುಲಿಗೆ ಬಂದು ಕೂತಿರುತ್ತಿದ್ದಳು. ವರ್ಷಗಟ್ಟಲೆ, ಹೆಚ್ಚುಕಡಿಮೆ ಪ್ರತಿದಿನ, ಆ ಅರ್ಧ ಗಂಟೆ ನನ್ನದಾಗಿತ್ತು. ಮೈಸೂರಿನಲ್ಲಿ ಸಂಜೆ ಐದೂವರೆಯೆಂದರೆ ಮಾವನವರ ವ್ಯಾಯಾಮದ ಹೊತ್ತು, ಮಗಳು ಶಾಲೆಯಿಂದ ಬರುವ ಹೊತ್ತು, ಯಾರಾದರೂ ನೆಂಟರು ಬಾಗಿಲು ತಟ್ಟುವ ಹೊತ್ತು. ಕರೆ ವಾರಕ್ಕೆ ಎರಡಾಯಿತು. ಮೈಸೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್, ಒಂದು ರಾತ್ರಿಯ ಬಸ್ಸು. ಬಂದ ಮೊದಲ ವರ್ಷ ನಾನು ಆ ಬಸ್ಸು ಹತ್ತಿದ್ದು ಎರಡೇ ಸಲ. ಅಮೆರಿಕದಲ್ಲಿದ್ದಾಗಲೂ ಎರಡು ವರ್ಷಕ್ಕೊಮ್ಮೆ ಬಂದು ಮೂರು ವಾರ ತವರಿನಲ್ಲಿ ಇರುತ್ತಿದ್ದೆ. ಕೂಡಿ ಕಳೆದು ನೋಡಿದರೆ, ಹತ್ತಿರ ಬಂದ ಮೇಲೆ ನಾನು ಆಯಿಯ ಜೊತೆ ಕಳೆದ ದಿನಗಳು ಹೆಚ್ಚೇನೂ ಆಗಲಿಲ್ಲ. ತಂದೆತಾಯಿಗಾಗಿ ಮರಳುತ್ತೇವೆ ಎಂದು ದಂಪತಿಗಳು ಹೇಳುವಾಗ ಯಾರ ತಂದೆತಾಯಿ ಎಂದು ಕೇಳುವ ಚಾಳಿ ನನಗೆ ಅಂಟಿಕೊಂಡದ್ದು ಇದರಿಂದಲೇ.

ತವರಿನ ವಿಚಾರದಲ್ಲಿ ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ, ವಿದೇಶದಲ್ಲಿರುವ ಹೆಣ್ಣುಮಕ್ಕಳು ಕೇಳಿಸಿಕೊಂಡರೆ ಒಳ್ಳೆಯದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆದರೆ ರಜೆಗೆಂದು ಬಂದ ಮೂರು ವಾರಗಳಲ್ಲಿ, ಹೊರಡುವ ಹಿಂದಿನ ದಿನ, ಉಪನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದವರು ನನ್ನ ಗೆಳತಿಯರಲ್ಲಿಯೇ ಮೂವರಿದ್ದಾರೆ. 'ನಿನಗೇಕೆ ಬೇಕು, ನೀನು ಅಲ್ಲೇ ಇರುವವಳು' ಎಂಬ ಮಾತಿಗೆ ಅವರ ಬಳಿ ಉತ್ತರವಿರಲಿಲ್ಲ. ವಿದೇಶದಲ್ಲಿ ನೆಲೆಸಿರುವ ಭಾರತೀಯರು ಮತ್ತು ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡಿನವರು ಇಲ್ಲಿ ಮನೆ, ನಿವೇಶನ ಕೊಳ್ಳಬಹುದು. ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ. ಅವು ಉತ್ತರಾಧಿಕಾರದಿಂದ ಮಾತ್ರ ಬರಬಹುದು. ಆ ಒಂದು ಬಾಗಿಲನ್ನು ತಾವೇ ಮುಚ್ಚಿ ಹೋದವರು ಮುಂದೆ ಮರಳಿದರೂ ಗಂಡನ ಊರಿಗೆ ಮರಳಬೇಕೇ ಹೊರತು ತಮ್ಮ ಊರಿಗಲ್ಲ. ನಮ್ಮ ಅಣ್ಣ ನನ್ನನ್ನು ಹಾಗೆ ಕೇಳಲಿಲ್ಲ. ಅದು ನನ್ನ ಪುಣ್ಯ, ಆದರೆ ಪುಣ್ಯದ ಮೇಲೆ ಯೋಜನೆ ಹಾಕಲಾಗದು.

ಮಗಳಿಗೆ ಆಗ ಹನ್ನೊಂದು. ಅವಳು ಬಂದದ್ದು ಅಮೆರಿಕದ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡು ಹಿಡಿದು. ನಾವು ಮರಳಿದೆವು ಎನ್ನುವಾಗಲೆಲ್ಲ ಅವಳು 'ನಾನು ಮೂವ್ ಆದೆ' ಎಂದು ತಿದ್ದುತ್ತಿದ್ದಳು. ಮನೆಯಲ್ಲಿ ಕನ್ನಡ ಮಾತನಾಡಿ ಬೆಳೆದವಳಾದ್ದರಿಂದ ಶಾಲೆಯಲ್ಲಿ ತೊಂದರೆಯಾಗದೆಂದು ನಾನು ನಂಬಿದ್ದೆ. ಅವಳನ್ನು ಆರನೇ ತರಗತಿಗೆ ಸೇರಿಸಿದ ಶಾಲೆಯಲ್ಲಿ ಕನ್ನಡ ದ್ವಿತೀಯ ಭಾಷೆ; ಮಾತು ಬರುತ್ತಿತ್ತೇ ಹೊರತು ಅಕ್ಷರ ಬರುತ್ತಿರಲಿಲ್ಲ. ಮೂರು ತಿಂಗಳು ಕಾಗುಣಿತ ತಿದ್ದಿಸಿದ ಮೇಲೆ ಮೊದಲ ಪರೀಕ್ಷೆಯಲ್ಲಿ 'ನಮ್ಮ ಹಳ್ಳಿ' ಎಂಬ ಪ್ರಬಂಧ ಬಂತು. ಅವಳ ನಾಲಿಗೆಗೆ ಳಕಾರ ಇನ್ನೂ ಹತ್ತಿರಲಿಲ್ಲ, ಆದ್ದರಿಂದ ಕೈಗೂ ಹತ್ತಲಿಲ್ಲ. 'ನಮ್ಮ ಹಲ್ಲಿಯಲ್ಲಿ ಅಜ್ಜಿ ಇದ್ದಾರೆ. ನಮ್ಮ ಹಲ್ಲಿಗೆ ದಿನಕ್ಕೆ ಎರಡು ಬಸ್ಸು ಬರುತ್ತದೆ. ನಮ್ಮ ಹಲ್ಲಿಯ ಹಿಂದೆ ಕಾಡು ಇದೆ.' ಮೇಷ್ಟರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಮುಂದಿನ ಎರಡು ವರ್ಷ ಅವಳ ಹೆಸರು ಹಲ್ಲಿ. ಆ ಉತ್ತರಪತ್ರಿಕೆಯನ್ನು ನಾನು ತೆಗೆದಿರಿಸಿದ್ದೇನೆ. ನಗು ಬರುತ್ತದೆ, ಆದರೆ ಓದಿದಾಗಲೆಲ್ಲ ಇನ್ನೊಂದೂ ಕಣ್ಣಿಗೆ ಬೀಳುತ್ತದೆ: ತಾನು ವಾಸವಿದ್ದ ಮೈಸೂರನ್ನು ಬಿಟ್ಟು, ರಜೆಯಲ್ಲಿ ನಾಲ್ಕು ಸಲ ನೋಡಿದ್ದ ನನ್ನ ಊರನ್ನು ಅವಳು 'ನಮ್ಮ' ಎಂದು ಬರೆದಿದ್ದಳು.

ಮಕ್ಕಳು ಚಿಕ್ಕವರಿರುವಾಗಲೇ ಬಂದುಬಿಡಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಹತ್ತರೊಳಗೆ ಬಂದರೆ ಅಕ್ಷರವೂ ಗೆಳೆತನವೂ ಸುಲಭ. ಆದರೆ ಕಾಗದಪತ್ರದ ತೊಡಕು ಮುಂದೆಯೂ ತಪ್ಪದು. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯಂತೆ ಒಸಿಐ ಮಕ್ಕಳು ವೈದ್ಯಕೀಯ ಕೋರ್ಸುಗಳ ನೀಟ್‌ನಂಥ ಪ್ರವೇಶ ಪರೀಕ್ಷೆಗಳಲ್ಲಿ ಅನಿವಾಸಿ ಭಾರತೀಯರ ಸೀಟುಗಳಿಗೆ ಮಾತ್ರ ಅರ್ಹರು. ಅದಕ್ಕೂ ಮೊದಲು ಕಾರ್ಡು ಪಡೆದವರಿಗೆ ಈ ನಿರ್ಬಂಧ ಅನ್ವಯಿಸದೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪು ಕೊಟ್ಟಿತು, ಮಗಳು ಆ ಗೆರೆಯ ಈಚೆಗೆ ಉಳಿದಳು. ಎರಡು ವರ್ಷ ನಮ್ಮ ಮನೆಯಲ್ಲಿ ನಿದ್ದೆ ಕೆಟ್ಟದ್ದು ಮಾತ್ರ ನಿಜ. ಇಲ್ಲಿ ಹುಟ್ಟಿದವರ ಮಕ್ಕಳು ಇಲ್ಲಿಯೇ ಓದಲು ಅರ್ಹರೇ ಎಂಬ ಪ್ರಶ್ನೆ ಊಟದ ಮೇಜಿನ ಆ ಹಾಳೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ನನ್ನ ಕೆಲಸ ಏನಾಯಿತೆಂದು ಕೆಲವರಾದರೂ ಕೇಳಬಹುದು. 2004ರ ಮೊದಲು ನನಗೆ ಕೆಲಸ ಕೊಡಲು ಎಂ.ಎಸ್ಸಿ. ಅಂಕಪಟ್ಟಿ ಸಾಕಾಗಿತ್ತು, ಮರಳಿ ಬಂದ ಮೇಲೆ ಹೋದ ಕಾಲೇಜುಗಳಲ್ಲಿ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಆಗಿದೆಯೇ ಎಂದು ಕೇಳಿದರು, ನಡುವಿನ ಹದಿಮೂರು ವರ್ಷ ಎಲ್ಲಿದ್ದಿರಿ ಎಂದೂ ಕೇಳಿದರು. ಮಾವನವರು ತೀರಿಕೊಂಡ ಮೇಲೆ, ನಲವತ್ತೆರಡನೆಯ ವಯಸ್ಸಿನಲ್ಲಿ, ನನ್ನ ವಿದ್ಯಾರ್ಥಿನಿಯರಾಗಬಹುದಾಗಿದ್ದ ಹುಡುಗಿಯರ ನಡುವೆ ಕೂತು ಕೆಸೆಟ್ ಬರೆದೆ. ಎರಡನೆಯ ಸಲಕ್ಕೆ ಪಾಸಾಯಿತು. ಈಗ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕಾದ ಕೆಲಸವದು, ಎಚ್-4ರ ಅನುಮತಿಯೂ ಹೀಗೆಯೇ ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕಾದ್ದಾಗಿತ್ತು. ಪರೀಕ್ಷೆಗೆ ಓದುವಾಗ ಅಡುಗೆಮನೆಯನ್ನು ತಮ್ಮ ಮೇಲೆಯೇ ಹಾಕಿಕೊಂಡವರು ಅತ್ತೆಯವರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 'ಓದ್ಕೋಮ್ಮ, ನಾನು ನೋಡ್ಕೋತೀನಿ' ಎಂದು ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು.

ಕಳೆದ ತಿಂಗಳು ಮತ್ತೊಂದು ಕರೆ ಬಂತು. ಡಲ್ಲಾಸಿನಲ್ಲಿ 14 ವರ್ಷದಿಂದ ಇರುವವರು, ಹಾಸನದ ಕಡೆಯವರು. ಅರ್ಧ ಗಂಟೆ ತೆರಿಗೆ, ಖಾತೆ, ಶಾಲೆ ಎಲ್ಲ ಆಯಿತು. ಆಮೇಲೆ ನಾನು ಎಂದಿನಂತೆ, ಮನೆಯವರ ಕೈಗೆ ಒಂದು ಕ್ಷಣ ಫೋನು ಕೊಡಿ ಎಂದೆ. ಆಕೆ ಬೀದರಿನವರಂತೆ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: 'ಅಕ್ಕಾ, ನಿಮ್ಮ ಮನ್ಯಾಗ ಒಲಿ ಒಂದೇನು, ಎರಡೇನು?'

ಒಂದೇ, ಎಂದೆ. ಮತ್ತೆ, ಮಹಡಿಯ ಮೇಲೆ ಒಂದು ಬರ್ನರಿನ ಚಿಕ್ಕದೊಂದನ್ನು ಹೋದ ವರ್ಷ ಇಡಿಸಿಕೊಂಡೆ, ಅದರ ಪಕ್ಕದಲ್ಲೊಂದು ಒಂದೆಲಗದ ಕುಂಡವಿದೆ ಎಂದೂ ಹೇಳಿದೆ. ಅದನ್ನು ಇಡಿಸಿಕೊಳ್ಳಲು ಎಷ್ಟು ವರ್ಷವಾಯಿತೆಂದು ಆಕೆ ಕೇಳಿದರು. ಏಳು ವರ್ಷ, ಎಂದೆ.

ನಮಸ್ಕಾರ.