ಮೆನುವಿನಲ್ಲಿ ನಾವು ದಾಟಿ ಹೋದ ಆಟಗಳು

[ದೃಶ್ಯ: ಕಿಟಕಿಯಾಚೆ ಕಾಫಿ ತೋಟ, ಎಡೆಬಿಡದ ಮಳೆ. ಮೇಜಿನ ಮೇಲೆ ಹಳದಿ ಬಣ್ಣದ ಒಂದು ಹಳೆಯ ಕ್ಯಾಸೆಟ್.]

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಎಂಬುದು ಮಳೆಗಾಲದ ವಸ್ತುವಾಗಿತ್ತು. ಜೂನ್ ಕಳೆದು ಮಳೆ ಬಲವಾಗಿ ಹಿಡಿದು, ಶಾಲೆಗೆ ಮಳೆ ರಜೆ ಕೊಟ್ಟ ದಿನ ಆ ಡಬ್ಬ ಅಟ್ಟದಿಂದ ಕೆಳಗಿಳಿಯುತ್ತಿತ್ತು. ಕರೆಂಟು ಇರುವಷ್ಟು ಹೊತ್ತು ನಾನೂ ಅಕ್ಕನೂ ಟಿ.ವಿ.ಯ ಮುಂದಿನಿಂದ ಏಳುತ್ತಿರಲಿಲ್ಲ. ನಮ್ಮ ಬಳಿ ಇದ್ದದ್ದು ಒಂದೇ ಕ್ಯಾಸೆಟ್. ಅದರ ಮೇಲೆ 9999 ಆಟಗಳೆಂದು ಅಚ್ಚಾಗಿತ್ತು. ಮೆನುವಿನಲ್ಲಿ ಕೆಳಗಿಳಿಯುತ್ತ ಹೋದರೆ ಅವೇ ಕೆಲವು ಆಟಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗುವಂತೆ ಮತ್ತೆ ಮತ್ತೆ ಎದುರಾಗುತ್ತಿದ್ದವು. ಟ್ಯಾಂಕ್ ಆಟ, ಕಾರ್ ಆಟ, ಸರ್ಕಸ್ ಆಟ ಎಂದು ನಾವೇ ಹೆಸರಿಟ್ಟುಕೊಂಡಿದ್ದ ಆ ಆಟಗಳ ನಡುವೆ ಒಳ್ಳೆಯ ಆಟವೊಂದು ಕುಳಿತಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಯಾವ ಆಟಗಳು ನಮ್ಮ ಮನೆಗೆ ಬಂದವು, ಯಾವುವು ಬರಲೇ ಇಲ್ಲ ಎಂಬುದರ ಹಿಂದೆ ಒಂದು ತಾಂತ್ರಿಕ ಕಾರಣವಿದೆ. ನಾವು ಆಡಿದ ಯಂತ್ರಗಳಲ್ಲಿ ಹೆಚ್ಚಿನವು, ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಫ್ಯಾಮಿಕಾಮ್‌ನ ಮೊದಲ ಎರಡು ಮೂರು ವರ್ಷಗಳ ಆಟಗಳು ಬಹಳ ಚಿಕ್ಕವು. 32 ಕಿಲೋಬೈಟ್ ಪ್ರೋಗ್ರಾಂ, 8 ಕಿಲೋಬೈಟ್ ಚಿತ್ರಗಳು, ಒಟ್ಟು 40 ಕಿಲೋಬೈಟ್ ಎಂಬುದೇ ಅವುಗಳ ಗರಿಷ್ಠ ಮಿತಿ. ಇಂಥ ಪುಟ್ಟ ಆಟಗಳನ್ನು ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಸಂಖ್ಯೆಯಲ್ಲಿ ತುಂಬಿಸುವುದು ಸುಲಭ ಮತ್ತು ಅಗ್ಗ. ಮುಂದೆ ಆಟಗಳು ದೊಡ್ಡವಾದಂತೆ, ಪ್ರತಿ ಕ್ಯಾಸೆಟ್ಟಿನೊಳಗೂ ಹೆಚ್ಚುವರಿ ಚಿಪ್ ಇಡುವ ಪದ್ಧತಿ ಬಂತು. ಅವನ್ನು ನಕಲು ಮಾಡಿ ನೂರರ ಜೊತೆ ಒಂದಾಗಿ ಸೇರಿಸುವುದು ಸುಲಭವಿರಲಿಲ್ಲ. ಆದ್ದರಿಂದ 1990ರ ದಶಕದಲ್ಲಿ ಬೆಳೆದ ನಾವು ಆಡಿದ್ದು ಬಹುಮಟ್ಟಿಗೆ 1983ರಿಂದ 1985ರವರೆಗಿನ ಆಟಗಳನ್ನು.

[ದೃಶ್ಯ: ಬೈನರಿ ಲ್ಯಾಂಡ್ ಆಟದ ಪರದೆ. ಎರಡು ಪೆಂಗ್ವಿನ್‌ಗಳು, ನಡುವೆ ಗೋಡೆ.]

ಮೇಲೆ ಹೇಳಿದ ಒಳ್ಳೆಯ ಆಟ ಇದು: ಹಡ್ಸನ್ ಸಾಫ್ಟ್ ಸಂಸ್ಥೆ 1985ರಲ್ಲಿ ಫ್ಯಾಮಿಕಾಮ್‌ಗೆ ತಂದ 'ಬೈನರಿ ಲ್ಯಾಂಡ್'. ನಮ್ಮ ಕಡೆಯ ಬಹಳಷ್ಟು ಕ್ಯಾಸೆಟ್‌ಗಳಲ್ಲಿ ಇದು ಇತ್ತು. ಗುರಿನ್ ಮತ್ತು ಮಾಲನ್ ಎಂಬ ಎರಡು ಪೆಂಗ್ವಿನ್‌ಗಳು ಪರದೆಯ ಎರಡು ಬದಿಗಳಲ್ಲಿವೆ. ಎರಡನ್ನೂ ಒಬ್ಬರೇ ನಡೆಸಬೇಕು. ಮೇಲೆ ಒತ್ತಿದರೆ ಎರಡೂ ಮೇಲಕ್ಕೆ ಹೋಗುತ್ತವೆ, ಆದರೆ ಒಂದು ಎಡಕ್ಕೆ ಹೋದರೆ ಇನ್ನೊಂದು ಕನ್ನಡಿಯ ಬಿಂಬದಂತೆ ಬಲಕ್ಕೆ ಹೋಗುತ್ತದೆ. ಎರಡು ಬದಿಯ ಗೋಡೆಗಳು ಒಂದೇ ಥರ ಇಲ್ಲದಿರುವುದರಿಂದ, ಒಂದು ಗೋಡೆಗೆ ತಾಗಿ ನಿಂತಾಗ ಇನ್ನೊಂದು ಮುಂದೆ ಸಾಗುತ್ತದೆ. ಕೊನೆಗೆ ಮೇಲ್ಭಾಗದ ಹೃದಯದ ಪಂಜರವನ್ನು ಎರಡೂ ಒಂದೇ ಹೊತ್ತಿಗೆ, ಎರಡು ಕಡೆಯಿಂದ ಮುಟ್ಟಬೇಕು. ಒಂದು ಪೆಂಗ್ವಿನ್ ಜೇಡನ ಬಲೆಗೆ ಸಿಕ್ಕಿದರೆ ಇನ್ನೊಂದು ಬಂದು ಸ್ಪ್ರೇ ಹೊಡೆದು ಬಿಡಿಸಬೇಕು.

ನಾವು ಇದನ್ನು ಎರಡು ನಿಮಿಷಕ್ಕಿಂತ ಹೆಚ್ಚು ಆಡಿದ್ದೇ ಇಲ್ಲ. "ಇದು ಕೆಟ್ಟಿದೆ ಮಾರಾಯ, ಒಂದು ಈ ಕಡೆ ಹೋದ್ರೆ ಇನ್ನೊಂದು ಆ ಕಡೆ ಹೋಗ್ತದೆ" ಎಂದು ಅಕ್ಕ ಹೇಳಿದ್ದು ನನಗೆ ಈಗಲೂ ನೆನಪಿದೆ. ಆಟದ ತಿರುಳನ್ನೇ ನಾವು ಯಂತ್ರದ ದೋಷವೆಂದು ಭಾವಿಸಿದ್ದೆವು. ರೀಸೆಟ್ ಒತ್ತಿದರೆ ಬೇರೆ ಆಟ ಸಿಗುತ್ತದೆ ಎಂದಾದಾಗ, ಅರ್ಥವಾಗದ ಆಟವನ್ನು ಇನ್ನೂ ಐದು ನಿಮಿಷ ನೋಡೋಣ ಎಂಬ ತಾಳ್ಮೆ ಯಾರಲ್ಲೂ ಉಳಿಯುವುದಿಲ್ಲ. ಇಂದಿನ ಸಂಚಿಕೆಗೆ ನಾನು ಆರಿಸಿಕೊಂಡಿರುವುದು ಇಂಥವನ್ನೇ: ಒಂದೇ ಒಂದು ವಿಚಿತ್ರ ನಿಯಮವನ್ನು ಹಿಡಿದುಕೊಂಡು, ಅದರ ಕೊನೆಯ ಸಾಧ್ಯತೆಯವರೆಗೂ ಹೋದ ಆಟಗಳು.

[ದೃಶ್ಯ: ಗಿಮಿಕ್ ಆಟದ ಮೊದಲ ಹಂತ. ಹಸಿರು ಬಣ್ಣದ ಪುಟ್ಟ ಪಾತ್ರ, ತಲೆಯ ಮೇಲೆ ನಕ್ಷತ್ರ.]

ಸನ್‌ಸಾಫ್ಟ್ ಸಂಸ್ಥೆಯ 'ಗಿಮಿಕ್' ಜಪಾನಿನಲ್ಲಿ ಬಿಡುಗಡೆಯಾದದ್ದು 1992ರ ಜನವರಿಯಲ್ಲಿ. ನಿಂಟೆಂಡೊದ ಮುಂದಿನ ಯಂತ್ರ ಸೂಪರ್ ಫ್ಯಾಮಿಕಾಮ್ 1990ರ ನವೆಂಬರ್‌ನಲ್ಲೇ ಬಂದಿದ್ದರಿಂದ ಹಳೆಯ ಯಂತ್ರದ ಆಟದ ಕಡೆಗೆ ಆ ಹೊತ್ತಿಗೆ ಹೆಚ್ಚಿನವರ ಗಮನ ಉಳಿದಿರಲಿಲ್ಲ. ಯೂರೋಪಿನಲ್ಲಿ ಇದು ಸ್ಕ್ಯಾಂಡಿನೇವಿಯಾಕ್ಕೆ ಮಾತ್ರ ತಲುಪಿತು, ಅಮೆರಿಕಕ್ಕೆ ಹೋಗಲೇ ಇಲ್ಲ. ಹುಟ್ಟುಹಬ್ಬದ ಉಡುಗೊರೆಯಾಗಿ ಒಬ್ಬ ಹುಡುಗಿಯ ಮನೆ ಸೇರಿದ ಯುಮೆತಾರೊ ಎಂಬ ಹಸಿರು ಪುಟ್ಟ ನಾಯಕ, ಹೊಟ್ಟೆಕಿಚ್ಚಿನಿಂದ ಅವಳನ್ನು ಬೇರೊಂದು ಲೋಕಕ್ಕೆ ಹೊತ್ತೊಯ್ದ ಹಳೆಯ ಗೊಂಬೆಗಳ ಬೆನ್ನು ಹತ್ತುತ್ತಾನೆ, ಕಥೆ ಇಷ್ಟೇ.

ಆಟದ ಜೀವವಿರುವುದು ಅವನ ನಕ್ಷತ್ರದಲ್ಲಿ. ಗುಂಡಿಯನ್ನು ಒತ್ತಿ ಹಿಡಿದರೆ ಅವನ ತಲೆಯ ಮೇಲೆ ನಕ್ಷತ್ರ ಮೂಡುತ್ತದೆ, ಬಿಟ್ಟರೆ ಅದು ನೆಲಕ್ಕೂ ಗೋಡೆಗೂ ಬಡಿದು ಪುಟಿಯುತ್ತ ಸಾಗುತ್ತದೆ. ಶತ್ರುವನ್ನು ಹೊಡೆಯಲು ಅದು ಆಯುಧ. ಆದರೆ ಪುಟಿದು ಬರುತ್ತಿರುವ ಅದೇ ನಕ್ಷತ್ರದ ಮೇಲೆ ಹಾರಿ ನಿಂತರೆ ಅದು ವಾಹನವೂ ಆಗುತ್ತದೆ. ಇಳಿಜಾರಿನಲ್ಲಿ ವೇಗ ಹೆಚ್ಚುತ್ತದೆ, ಏರಿನಲ್ಲಿ ಕಡಿಮೆಯಾಗುತ್ತದೆ. ಹೀಗಾಗಿ ಎಲ್ಲಿ ನಿಂತು, ಯಾವ ಕ್ಷಣದಲ್ಲಿ ಎಸೆದರೆ ನಕ್ಷತ್ರ ಎಲ್ಲಿಗೆ ಬಂದು ಸಿಗುತ್ತದೆ ಎಂಬ ಲೆಕ್ಕ, ಬುಗುರಿ ಬಿಡುವವನ ಕೈಗೆ ಒಗ್ಗುವಂತೆ ನಿಧಾನವಾಗಿ ನಿಮ್ಮ ಕೈಗೂ ಒಗ್ಗುತ್ತದೆ. ಇದು ಕಷ್ಟದ ಆಟ ಎಂಬುದನ್ನು ಮುಚ್ಚಿಡುವುದಿಲ್ಲ. ಹಂತಗಳಲ್ಲಿ ಅಡಗಿಸಿಟ್ಟ ನಿಧಿಗಳನ್ನೆಲ್ಲ ಕೂಡಿಸಿದವರಿಗೆ ಮಾತ್ರ ನಿಜವಾದ ಕೊನೆಯ ಹಂತ ತೆರೆಯುತ್ತದೆ, ಮತ್ತು ನಡುವೆ ಒಮ್ಮೆ ಸೋತು 'ಕಂಟಿನ್ಯೂ' ಒತ್ತಿದರೆ ಕೂಡಿಸಿದ ನಿಧಿಯೆಲ್ಲ ಹೋಗುತ್ತದೆ. ಈ ಒಂದು ನಿಯಮ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಸಂಗೀತದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಫ್ಯಾಮಿಕಾಮ್‌ಗೆ ಸ್ವಂತವಾಗಿ ಇರುವುದು ಒಂದೇ ಹೊತ್ತಿಗೆ ನುಡಿಯುವ ಐದು ಧ್ವನಿ ಚಾನೆಲ್‌ಗಳು. ಗಿಮಿಕ್‌ನ ಜಪಾನಿ ಕ್ಯಾಸೆಟ್ಟಿನೊಳಗಿನ 5ಬಿ ಎಂಬ ಚಿಪ್ ಇನ್ನೂ ಮೂರನ್ನು ಕೂಡಿಸಿತು, ಮತ್ತು ಆ ಹೆಚ್ಚುವರಿ ಧ್ವನಿಗಳನ್ನು ಬಳಸಿಕೊಂಡ ಆಟ ಇದೊಂದೇ. ಮಸಾಶಿ ಕಗೆಯಾಮ ಅವರು ಆ ಎಂಟು ಧ್ವನಿಗಳಲ್ಲಿ ಕಟ್ಟಿದ ರಾಗಗಳನ್ನು ಕಣ್ಣು ಮುಚ್ಚಿ ಕೇಳಿದರೆ, ಇದು ಟ್ಯಾಂಕ್ ಆಟದ ಯಂತ್ರವೇ ಎಂದು ಆಶ್ಚರ್ಯವಾಗುತ್ತದೆ. ಸ್ಕ್ಯಾಂಡಿನೇವಿಯಾದ ಆವೃತ್ತಿಯಲ್ಲಿ ಈ ಮೂರು ಧ್ವನಿಗಳಿಲ್ಲ. ಆದ್ದರಿಂದ ಕೇಳುವುದಾದರೆ ಜಪಾನಿನದನ್ನೇ ಕೇಳಿ. 2023ರಲ್ಲಿ ಈ ಆಟ ಇಂದಿನ ಯಂತ್ರಗಳಿಗೂ ಮರುಬಿಡುಗಡೆಯಾಗಿದೆ.

[ದೃಶ್ಯ: ಹೊಳೆಯ ದಡದಲ್ಲಿ ಗಾಳ ಹಿಡಿದು ಕುಳಿತವರು. ನಂತರ ಉಮಿಹರ ಕವಾಸೆ ಆಟದ ಪರದೆ.]

ಗಾಳ ಹಾಕಿ ಗೊತ್ತಿರುವ ಕೊಡಗಿನವರಿಗೆ ನಾನು ವಿಶೇಷವಾಗಿ ಹೇಳಬೇಕಾದ ಆಟ, 1994ರ ಡಿಸೆಂಬರ್‌ನಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಬಂದ 'ಉಮಿಹರ ಕವಾಸೆ'. ಸಮುದ್ರದ ಮೀನಿಗೆ ಹೊಟ್ಟೆ, ಹೊಳೆಯ ಮೀನಿಗೆ ಬೆನ್ನು ಎಂಬ ಅರ್ಥದ ಜಪಾನಿ ಅಡುಗೆಮನೆಯ ಮಾತಿನಿಂದ ಈ ಹೆಸರು ಬಂದಿದೆ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು, ಅವಳ ಕೈಯಲ್ಲಿ ಒಂದು ಗಾಳ, ಸುತ್ತಲೂ ಕಾಲು ಮೂಡಿ ನಡೆದಾಡುವ ಮೀನುಗಳು. ಗಾಳದ ಕೊಕ್ಕೆ ಗೋಡೆಗೂ ಚಾವಣಿಗೂ ಸಿಕ್ಕಿಕೊಳ್ಳುತ್ತದೆ. ದಾರ ರಬ್ಬರಿನಂತೆ ಎಳೆಯುತ್ತದೆ, ಕುಗ್ಗುತ್ತದೆ.

ಹಗ್ಗ ಹಿಡಿದು ತೂಗುವ ಆಟಗಳು ಬೇರೆಯೂ ಇವೆ, ಆದರೆ ಅವುಗಳಲ್ಲಿ ಹಗ್ಗವು ಬಹುಮಟ್ಟಿಗೆ ಕೋಲಿನಂತೆ ಗಟ್ಟಿ. ಇಲ್ಲಿ ದಾರಕ್ಕೆ ಸೆಳೆತವಿದೆ, ಮತ್ತು ಆಟವನ್ನು ರೂಪಿಸಿದ ಕಿಯೋಶಿ ಸಕಾಯ್ ಅವರು ಆ ಸೆಳೆತದ ಲೆಕ್ಕವೊಂದರ ಮೇಲೆಯೇ ಇಡೀ ಆಟವನ್ನು ನಿಲ್ಲಿಸಿದ್ದಾರೆ. ದಾರವನ್ನು ಉದ್ದ ಬಿಟ್ಟು ಅಂಚಿನಿಂದ ಕೆಳಗೆ ಜೋತುಬಿದ್ದು, ಅದು ಪೂರ್ತಿ ಎಳೆದುಕೊಂಡ ಕ್ಷಣದಲ್ಲಿ ಸುತ್ತಿಕೊಂಡರೆ ಹುಡುಗಿ ಕವಣೆಕಲ್ಲಿನಂತೆ ಮೇಲಕ್ಕೆ ಚಿಮ್ಮುತ್ತಾಳೆ. ಮೊದಲ ದಿನ ಅವಳು ಮತ್ತೆ ಮತ್ತೆ ಕೆಳಗೆ ಬೀಳುತ್ತಾಳೆ. ಹೊಳೆಯಲ್ಲಿ ದೊಡ್ಡ ಮೀನು ಕಚ್ಚಿದಾಗ ದಾರವನ್ನು ಎಷ್ಟು ಬಿಡಬೇಕು, ಯಾವಾಗ ಎಳೆಯಬೇಕು ಎಂಬುದನ್ನು ಬಾಯಿಮಾತಿನಲ್ಲಿ ಕಲಿಸಲು ಆಗುವುದಿಲ್ಲವಲ್ಲ, ಇದೂ ಹಾಗೆಯೇ, ಬೆರಳುಗಳೇ ಕಲಿಯಬೇಕು. ಜಪಾನಿನ ಹೊರಗೆ ಈ ಸೂಪರ್ ಫ್ಯಾಮಿಕಾಮ್ ಕ್ಯಾಸೆಟ್ ಮಾರಾಟಕ್ಕೆ ಬರಲಿಲ್ಲ. 2015ರಲ್ಲಿ ಕಂಪ್ಯೂಟರಿಗೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಮೂಲಕ ಬಂತು.

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರ ಗೇಮ್ ಬಾಯ್‌ನ 'ಮೋಲ್ ಮೇನಿಯಾ'ವನ್ನು ಇಲ್ಲಿ ಚಿಕ್ಕದಾಗಿ ಸೇರಿಸುತ್ತೇನೆ. 1996ರ ಈ ಆಟದ ನಿರ್ಮಾಪಕರು ಮಾರಿಯೊವನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರೇ, ಆದರೂ ಇದರ ಹೆಸರು ಕೇಳಿದವರು ಕಡಿಮೆ. ನೆಲ ಅಗೆಯುವ ಪ್ರಾಣಿಯಾಗಿ ಮೇಲೂ ಕೆಳಗೂ ಓಡಾಡಬೇಕು. ತಪ್ಪು ಜಾಗದಲ್ಲಿ ಅಗೆದ ಒಂದು ಗುಂಡಿ, ಆಮೇಲೆ ಉರುಳಬೇಕಾದ ಕಬ್ಬಿಣದ ಗುಂಡಿನ ದಾರಿಯನ್ನೇ ಕೆಡಿಸುತ್ತದೆ. ಹಳೆಯ ಗೇಮ್ ಬಾಯ್ ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ನಡೆಯುವುದರಿಂದ ಕರೆಂಟು ಹೋದ ಸಂಜೆಗೆ ಒಳ್ಳೆಯ ಜೊತೆ. ಪರದೆಗೆ ಸ್ವಂತ ಬೆಳಕಿಲ್ಲ, ಪಕ್ಕದಲ್ಲಿ ದೀಪವಿರಲಿ.

[ದೃಶ್ಯ: ಬಿಚ್ಚಿದ ಕ್ಯಾಸೆಟ್, ಒಳಗಿನ ಹಿತ್ತಾಳೆ ಬಣ್ಣದ ಸಂಪರ್ಕ ಪಟ್ಟಿಗಳು.]

ನಮ್ಮ ಹವೆಯಲ್ಲಿ ಈ ವಸ್ತುಗಳನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಮಳೆಗಾಲದಲ್ಲಿ ಬಟ್ಟೆಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ ಕ್ಯಾಸೆಟ್ಟಿನ ತಾಮ್ರದ ಪಟ್ಟಿಗಳು ಕಪ್ಪಾಗದೆ ಇರುವುದಿಲ್ಲ. ಚಿಕ್ಕಂದಿನಲ್ಲಿ ನಾವೆಲ್ಲರೂ ಮಾಡಿದ ಹಾಗೆ ಬಾಯಿಂದ ಊದಬೇಡಿ. ಉಸಿರಿನ ತೇವ ಆ ಪಟ್ಟಿಗಳನ್ನು ಇನ್ನಷ್ಟು ಕೆಡಿಸುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಮೃದುವಾಗಿ ಒರೆಸಿ, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಯಾದ ಡಬ್ಬದಲ್ಲಿ ಇಡಿ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆಯೂ ಮಸಿಯೂ ಒಳಗೆ ಸೇರುತ್ತವೆ.

[ದೃಶ್ಯ: ಕಪ್ಪು ಪರದೆ, ಬಿಳಿಯ ಒಂದೇ ಗೆರೆ, ಗೆರೆಯಲ್ಲೇ ಬಿಡಿಸಿದ ಮೊಲ.]

ಕೊನೆಯದು ಪ್ಲೇಸ್ಟೇಷನ್‌ನ 'ವಿಬ್ ರಿಬ್ಬನ್'. ಮಸಾಯ ಮತ್ಸುಉರ ಅವರ ನಾನಾಆನ್-ಶಾ ತಂಡ ಇದನ್ನು 1999ರಲ್ಲಿ ತಂದಿತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಆರಿಸಿದ ಮೊದಲ 14 ವಿಡಿಯೋ ಗೇಮ್‌ಗಳಲ್ಲಿ ಇದೂ ಒಂದು. ಆಟ ಅಷ್ಟು ಚಿಕ್ಕದಾದ್ದರಿಂದ ಪೂರ್ತಿಯಾಗಿ ಯಂತ್ರದ ನೆನಪಿಗೆ ಇಳಿದುಬಿಡುತ್ತದೆ. ಆಮೇಲೆ ಡಿಸ್ಕ್ ತೆಗೆದು ನಿಮ್ಮ ಮನೆಯ ಯಾವುದೇ ಹಾಡಿನ ಸಿ.ಡಿ. ಹಾಕಬಹುದು. ಆ ಹಾಡನ್ನು ಓದಿ ಯಂತ್ರವೇ ಓಟದ ದಾರಿಯನ್ನು ರಚಿಸುತ್ತದೆ: ಹಳ್ಳ, ಸುರುಳಿ, ಚೌಕ, ಅಲೆ ಎಂಬ ನಾಲ್ಕು ಬಗೆಯ ಅಡೆತಡೆಗಳು, ಒಂದೊಂದಕ್ಕೆ ಒಂದೊಂದು ಗುಂಡಿ. ತಪ್ಪುತ್ತ ಹೋದರೆ ವಿಬ್ರಿ ಎಂಬ ಮೊಲ ಕಪ್ಪೆಯಾಗುತ್ತದೆ, ಆಮೇಲೆ ಹುಳುವಾಗುತ್ತದೆ.

ಅಕ್ಕ ಕಳೆದ ಪುತ್ತರಿಗೆ ಬಂದಿದ್ದಾಗ, ಮನೆಯಲ್ಲಿದ್ದ ವಾಲಗದ ಸಿ.ಡಿ.ಯೊಂದನ್ನು ಇದಕ್ಕೆ ಹಾಕಿದೆವು. ಶುರುವಿನಲ್ಲಿ ಗೆರೆ ನೇರವಾಗಿತ್ತು, ಅಲ್ಲೊಂದು ಇಲ್ಲೊಂದು ಹಳ್ಳ. ಬಡಿತ ಏರಿದಂತೆ ಸುರುಳಿಯೊಳಗೆ ಚೌಕ, ಅಲೆಯ ಮೇಲೆ ಹಳ್ಳ ಎಂದು ಅಡೆತಡೆಗಳು ಜೋಡಿಯಾಗಿ ಬರತೊಡಗಿದವು, ಮೊಲ ಕಪ್ಪೆಯಾಯಿತು, ಕಪ್ಪೆ ಹುಳುವಾಯಿತು. ಅಕ್ಕ ಕಂಟ್ರೋಲರನ್ನು ನನ್ನ ಕೈಯಿಂದ ತೆಗೆದುಕೊಂಡು, "ಮೊದಲಿಂದ ಹಾಕು" ಎಂದಳು.