ಹರಿಯುವ ಮೊದಲೇ ಒಂದು ಹೊಲಿಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಮಳೆಗಾಲವೂ ಶಾಲೆಯೂ ಒಟ್ಟಿಗೇ ಶುರುವಾಗುತ್ತವೆ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಶಾಲೆ ತೆರೆಯುವುದೂ ಅದೇ ಹೊತ್ತಿಗೆ. ಹಾಗಾಗಿ ಮೇ ಕೊನೆಗೆ ಕುಂಬಳೆ, ಉಪ್ಪಳ, ಬದಿಯಡ್ಕ, ಯಾವ ಪೇಟೆಗೆ ಹೋದರೂ ಅಂಗಡಿಗಳ ಎದುರು ಕೊಡೆಗಳದ್ದೇ ಸಾಲು. ಮಕ್ಕಳಿಗೆ ಹೊಸದೇ ಬೇಕು. ಅದರಲ್ಲಿ ತಪ್ಪೇನಿಲ್ಲ, ಆ ವಯಸ್ಸಿನಲ್ಲಿ ನಾವೂ ಹಟ ಹಿಡಿದವರೇ. ಆದರೆ ಕಳೆದ ವರ್ಷದ ಎರಡು ಮೂರು ಕೊಡೆ ಬಾಗಿಲ ಹಿಂದೆ ತೂಗುತ್ತಿರುತ್ತವಲ್ಲ, ಅವನ್ನೊಮ್ಮೆ ಬಿಡಿಸಿ ನೋಡಿ.

ಎಂಟು ಕಡ್ಡಿಯಲ್ಲಿ ಏಳು ಗಟ್ಟಿಯಾಗಿಯೇ ಇರುತ್ತವೆ. ಎಂಟನೆಯದರ ತುದಿಯಲ್ಲಿ ಬಟ್ಟೆಯನ್ನು ಹಿಡಿದಿದ್ದ ನೂಲು ಬಿಟ್ಟಿರುತ್ತದೆ. ಇಲ್ಲವೇ ಕಡ್ಡಿಗೆ ಕಡ್ಡಿ ಸೇರುವಲ್ಲಿನ ತಂತಿ ತುಕ್ಕು ಹಿಡಿದು ತುಂಡಾಗಿರುತ್ತದೆ. ಮೊದಲನೆಯದಕ್ಕೆ ಒಂದು ಸೂಜಿ, ಸ್ವಲ್ಪ ದಪ್ಪ ನೂಲು ಸಾಕು. ಕಡ್ಡಿಯ ತುದಿಯ ತೂತಿನಲ್ಲಿ ಎರಡು ಮೂರು ಸಲ ನೂಲು ಹಾಯಿಸಿ, ಬಟ್ಟೆಯ ಮಡಿಕೆಗೆ ಸೇರಿಸಿ ಬಿಗಿದರೆ ಆಯಿತು. ಎರಡನೆಯದು ರಿಪೇರಿಯವರ ಕೆಲಸ. ಪೇಟೆಯ ಜಗಲಿಯಲ್ಲಿ ಗೋಣಿ ಹಾಸಿ ಕೂತು ಚಪ್ಪಲಿ ಹೊಲಿಯುವವರೇ ಮಳೆ ಬಂತೆಂದರೆ ಕೊಡೆಯವರೂ ಆಗುತ್ತಾರೆ. ಅವರ ಪಕ್ಕದಲ್ಲಿ ಹಳೆ ಕೊಡೆಗಳ ಒಂದು ಕಟ್ಟು ಇರುತ್ತದೆ, ಅದರಿಂದ ಕಡ್ಡಿ ಕಿತ್ತು ನಮ್ಮದಕ್ಕೆ ಜೋಡಿಸಿ ಕೊಡುತ್ತಾರೆ. ನಾವು ತುಳುವಿನಲ್ಲಿ ಕೇಳುತ್ತೇವೆ, ಅವರು ಮಲಯಾಳದಲ್ಲಿ ರೇಟು ಹೇಳುತ್ತಾರೆ, ಚರ್ಚೆ ಕನ್ನಡದಲ್ಲಿ ಮುಂದುವರಿಯುತ್ತದೆ. ಚರ್ಚೆ ಜಾಸ್ತಿ ಬೆಳೆಸಬೇಡಿ ಎಂಬುದು ನನ್ನ ವಿನಂತಿ. ಹೊಸ ಕೊಡೆಯ ಅಂಗಡಿಯಲ್ಲಿ ಬರೆದಷ್ಟು ದುಡ್ಡು ಕೊಟ್ಟು ಬರುವ ನಾವು ಇಲ್ಲಿ ಮಾತ್ರ ಹತ್ತು ರೂಪಾಯಿಗೆ ಜಗ್ಗುತ್ತೇವೆ.

ಮೂರು ಮಡಿಕೆಯ ಕೊಡೆಗಿಂತ ಉದ್ದ ಕೋಲಿನ ಕೊಡೆ ಹೆಚ್ಚು ಕಾಲ ಬರುತ್ತದೆ. ಕೀಲು ಕಡಿಮೆ, ಕೆಡುವುದೂ ಕಡಿಮೆ. ಯಾವ ಕೊಡೆಯಾದರೂ ಒದ್ದೆಯಿದ್ದಾಗ ಮಡಚಿ ಚೀಲಕ್ಕೆ ತುರುಕಬೇಡಿ, ಜಗಲಿಯಲ್ಲಿ ಬಿಡಿಸಿಡಿ. ಅರ್ಧದಷ್ಟು ರಿಪೇರಿ ಅಲ್ಲೇ ಉಳಿಯುತ್ತದೆ.

ಇನ್ನು ಬಟ್ಟೆಯ ವಿಷಯಕ್ಕೆ ಬರೋಣ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ. ಬಟ್ಟೆ ಒಂದೇ ದಿನದಲ್ಲಿ ಹರಿಯುವುದಿಲ್ಲ. ಮೊದಲು ಸವೆಯುತ್ತದೆ, ತೆಳುವಾಗುತ್ತದೆ, ಆಮೇಲೆ ಯಾವುದೋ ಗೇಟಿನ ಕೊಕ್ಕೆ ತಾಗಿದ್ದೇ ನೆಪವಾಗಿ ಪರ್ರನೆ ಹರಿಯುತ್ತದೆ. ನಾವು ಸೂಜಿ ಹುಡುಕುವುದು ಆಗ. ಅಷ್ಟು ಹೊತ್ತಿಗೆ ತೂತಿನ ಸುತ್ತಲಿನ ಬಟ್ಟೆಗೂ ಜೀವ ಇರುವುದಿಲ್ಲ, ಹಾಕಿದ ಹೊಲಿಗೆ ಬಟ್ಟೆಯನ್ನೇ ಕಿತ್ತುಕೊಂಡು ಬರುತ್ತದೆ. ಅದಕ್ಕೆ ಬಟ್ಟೆ ಮಡಚಿಡುವಾಗ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿಯಬೇಕು. ಬೆಳಕು ಜಾಸ್ತಿ ಒಸರುವ ಜಾಗವೇ ಮುಂದೆ ಹರಿಯುವ ಜಾಗ. ಮುಂಡಿನಲ್ಲಾದರೆ ಕೂರುವ ಭಾಗ, ಪ್ಯಾಂಟಿನಲ್ಲಿ ತೊಡೆಯ ಸಂದು, ಶರ್ಟಿನಲ್ಲಿ ಕಾಲರು, ಹಾಸಿಗೆ ಹೊದಿಕೆಯಲ್ಲಿ ನಟ್ಟನಡು. ಅಲ್ಲಿಗೆ ಹಿಂದಿನಿಂದ ಒಂದು ಮೆದುವಾದ ಹಳೆ ಬಟ್ಟೆಯ ತುಂಡಿಟ್ಟು ಸಣ್ಣಸಣ್ಣ ಓಟದ ಹೊಲಿಗೆ ಹಾಕಿದರೆ ಇನ್ನೂ ಒಂದೆರಡು ವರ್ಷ ಬರುತ್ತದೆ. ತೇಪೆಗೆ ಹೊಸ ಬಟ್ಟೆ ಬೇಡ. ಅದು ಒಗೆದಾಗ ಕುಗ್ಗಿ ಹಳೆಯದನ್ನು ಎಳೆಯುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಸೀರೆ ತಂದ ಕೂಡಲೇ ಅಂಚಿಗೆ ಫಾಲ್ಸ್ ಹಚ್ಚಿಸುವುದು ಯಾಕೆ? ನೆರಿಗೆ ಚೆನ್ನಾಗಿ ಬೀಳಲಿ ಎಂದು, ಜತೆಗೆ ಹಿಮ್ಮಡಿಗೂ ನೆಲಕ್ಕೂ ಉಜ್ಜಿ ಅಂಚು ಸವೆಯದಿರಲಿ ಎಂದು. ಉಟ್ಟು ನೋಡುವ ಮೊದಲೇ ತೇಪೆ ಹಾಕಿಸುವ ಹೆಂಗಸರಿಗೆ ನಾನು ಹೆಚ್ಚೇನು ಹೇಳಲಿ! ಗಂಡಸರ ಶರ್ಟಿಗೆ ಈ ಭಾಗ್ಯವಿಲ್ಲ. ಹಿಂದೆಲ್ಲ ಕಾಲರು ಸವೆದರೆ ದರ್ಜಿಯ ಬಳಿ ಬಿಚ್ಚಿಸಿ, ತಿರುಗಿಸಿ ಹೊಲಿಸುತ್ತಿದ್ದರು. ಸವೆದ ಮೈ ಅಡಿಗೆ ಹೋಗುತ್ತದೆ, ಹೊಸ ಮೈ ಮೇಲಕ್ಕೆ ಬರುತ್ತದೆ. ಈಗಲೂ ಕೇಳಿದರೆ ಮಾಡಿಕೊಡುವ ದರ್ಜಿಗಳಿದ್ದಾರೆ, ಕೇಳುವವರು ಬೇಕು.

ತೂತೇ ಬಿದ್ದಿದ್ದರೆ ರಫು ಮಾಡಬೇಕು. ನಮ್ಮ ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಕೈಮಗ್ಗದ ಹತ್ತಿಯ ಸೀರೆ. ಅಂಥದ್ದಕ್ಕೆ ಕಣ್ಣಿಗೆ ಕಂಡ ಬಣ್ಣದ ರೀಲು ತಂದು ಹೊಲಿದರೆ ಕೆಟ್ಟು ಕಾಣುತ್ತದೆ. ಸೀರೆಯ ತುದಿಯಿಂದಲೇ ನಾಲ್ಕೆಳೆ ನೂಲು ಬಿಡಿಸಿಕೊಳ್ಳಿ. ಅದೇ ಬಣ್ಣ, ಅದೇ ದಪ್ಪ, ಅಷ್ಟೇ ಮಾಸಿದ್ದು. ತೂತಿನ ಆಚೆ ಈಚೆ ಬೆರಳಗಲದಷ್ಟು ಗಟ್ಟಿ ಬಟ್ಟೆಯಿಂದ ಶುರುಮಾಡಿ ಉದ್ದಕ್ಕೆ ಸಾಲು ಎಳೆಯಿರಿ. ಆಮೇಲೆ ಅಡ್ಡಕ್ಕೆ ಒಂದೆಳೆ ಮೇಲೆ, ಒಂದೆಳೆ ಕೆಳಗೆ ಎಂದು ನೇಯುತ್ತ ಹೋಗಿ. ಗಂಟು ಹಾಕಬೇಡಿ, ಬಿಗಿಯಾಗಿ ಎಳೆಯಬೇಡಿ. ಸಾಲು ತಿರುಗುವಲ್ಲಿ ನೂಲನ್ನು ಕೂದಲೆಳೆಯಷ್ಟು ಸಡಿಲ ಬಿಡಬೇಕು, ಒಗೆದಾಗ ಅದು ಕುಗ್ಗಿ ಸರಿಯಾಗಿ ಕೂರುತ್ತದೆ. ಸಡಿಲ ಬಿಡದಿದ್ದರೆ ಸುತ್ತ ಸುಕ್ಕು ಕಟ್ಟಿ, ರಫು ಮಾಡಿದ್ದು ಇಡೀ ಊರಿಗೆ ಗೊತ್ತಾಗುತ್ತದೆ.

ಪಾಲಿಯೆಸ್ಟರ್ ಬಟ್ಟೆಯ ಕತೆ ಬೇರೆ. ಅದು ಸವೆಯುವುದು ನಿಧಾನ, ಬಿಸಾಡಿದರೆ ಮಣ್ಣಿನಲ್ಲಿ ಕೊಳೆಯುವುದು ಇನ್ನೂ ನಿಧಾನ. ತೋಟದ ಮೂಲೆಯಲ್ಲಿ ಬೆಂಕಿ ಹಾಕಿದರೆ ಬರುವ ಕಮಟು ವಾಸನೆ ಎಲ್ಲರಿಗೂ ಗೊತ್ತು. ಹರಿತ ಕರ್ಮ ಸೇನೆಯ ಅಕ್ಕಂದಿರು ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ ನಿಜ, ಬಟ್ಟೆಯನ್ನು ಯಾವ ತಿಂಗಳು ಒಯ್ಯುತ್ತಾರೆಂದು ಅವರನ್ನೇ ಕೇಳಿಟ್ಟುಕೊಳ್ಳಿ. ಕೊಡುವ ಮೊದಲು ಗುಂಡಿ, ಹುಕ್ಕು, ಜಿಪ್ಪು ಬಿಚ್ಚಿ ಡಬ್ಬಿಗೆ ಹಾಕಿಕೊಳ್ಳಿ.

ಅಡುಗೆಮನೆಗೆ ಬಂದರೆ, ತಾಮ್ರ ಹಿತ್ತಾಳೆಯ ಪಾತ್ರೆಗಳು ಈಗ ಶೋಕೇಸು ಸೇರಿವೆ. ಕಲಾಯಿ ಹೋಗಿದೆ ಎಂಬುದು ಕಾರಣ. ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಳಿ ಹಾಕಿದ ಕೊದಿಲನ್ನೋ ಮಜ್ಜಿಗೆಯನ್ನೋ ಇಟ್ಟರೆ ಕಿಲುಬು ಬಿಟ್ಟು ಹೊಟ್ಟೆ ಕೆಡುತ್ತದೆ, ಆದ್ದರಿಂದ ಶೋಕೇಸಿಗೆ ಹಾಕಿದ್ದು ಸರಿಯೇ. ಆದರೆ ಕಲಾಯಿ ಮತ್ತೆ ಹಾಕಿಸಬಹುದು. ಪಾತ್ರೆಯನ್ನು ತಿಕ್ಕಿ ಬೆಳಗಿ ಕೆಂಡದ ಮೇಲಿಟ್ಟು ಕಾಯಿಸುತ್ತಾರೆ. ನವಸಾಗರದ ಪುಡಿ ಎರಚಿದ ಕೂಡಲೇ ಬುಸ್ಸೆಂದು ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಮಡ್ಡಿ ಬಿಡುತ್ತದೆ. ಆಗ ತವರದ ಕಡ್ಡಿಯನ್ನು ತಾಗಿಸಿದರೆ ಕರಗಿ ಹರಿಯುತ್ತದೆ. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಹತ್ತಿಯಲ್ಲಿ ಒಮ್ಮೆ ಬಳಿದರೆ ಒಳಮೈಯೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಒಂದು ಎಚ್ಚರಿಕೆ. ತವರಕ್ಕೆ ಸೀಸ ಬೆರೆಸಿದರೆ ಅಗ್ಗವಾಗುತ್ತದೆ, ಆದರೆ ಸೀಸ ವಿಷ. ಕಾಸು ಹೆಚ್ಚಾದರೂ ಶುದ್ಧ ತವರವೇ ಬೇಕೆಂದು ಹೇಳಿ. ಮಳೆ ಬಿಟ್ಟ ಮೇಲೆ ಅಕ್ಕಪಕ್ಕದ ನಾಲ್ಕು ಮನೆಯವರು ಪಾತ್ರೆಗಳನ್ನು ಒಟ್ಟು ಮಾಡಿಕೊಂಡರೆ ಕಲಾಯಿಯವರನ್ನು ಮನೆ ಬಾಗಿಲಿಗೇ ಕರೆಸಬಹುದು. ಒಂದು ಉರುಳಿಗಾಗಿ ಯಾರೂ ಬರಲಾರರು.

ಮಿಕ್ಸಿ ನಿಂತಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ತಿರುವಿ ಅಡಿ ನೋಡಿ. ಅಲ್ಲೊಂದು ಸಣ್ಣ ಗುಂಡಿ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ದೋಸೆ ಹಿಟ್ಟು ಗಟ್ಟಿಯಾಗಿ ಮೋಟರಿಗೆ ಭಾರವಾದಾಗ ಅದು ಹೊರಗೆ ಹಾರಿ ಕರೆಂಟು ತಪ್ಪಿಸುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಎಷ್ಟೋ ಸಲ ಮಿಕ್ಸಿ ಓಡುತ್ತದೆ. ಮೋಟರು ತಿರುಗಿದರೂ ಜಾರು ತಿರುಗದಿದ್ದರೆ ನಡುವಿನ ಕಪ್ಲರ್ ಸವೆದಿದೆ ಎಂದರ್ಥ. ಅದು ಚಿಲ್ಲರೆ ದುಡ್ಡಿನ ಸಾಮಾನು. ಬಿಡಿಭಾಗ ಬರುವುದಿಲ್ಲ, ಹೊಸತೇ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿದರೆ ಕೂಡಲೇ ನಂಬಬೇಡಿ. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದೇ ಒಂದು ಜಾಲತಾಣ ತೆರೆದಿದೆ. ಹಲವು ಕಂಪೆನಿಗಳ ಸರ್ವಿಸ್ ವಿವರ ಅಲ್ಲಿ ಸಿಗುತ್ತದೆ. ಮೊಬೈಲು ನೋಡಬಲ್ಲ ಮಕ್ಕಳು ಮನೆಯಲ್ಲಿದ್ದಾರಲ್ಲ, ಹುಡುಕಿಸಿ.

ಹಾಗೆಂದು ಎಲ್ಲವನ್ನೂ ರಿಪೇರಿ ಮಾಡುತ್ತಾ ಕೂರಬಾರದು. ಕೆಲವು ಮನೆಗಳಲ್ಲಿ ಇಸ್ತ್ರಿಪೆಟ್ಟಿಗೆಯ ವಯರಿಗೆ ಟೇಪು ಸುತ್ತಿ ಸುತ್ತಿ ವಯರಿಗಿಂತ ಟೇಪೇ ದಪ್ಪವಾಗಿರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದು ಆಗದು, ವಯರನ್ನೇ ಬದಲಿಸಿ. ಸಡಿಲಾದ ಕುಕ್ಕರಿನ ಗ್ಯಾಸ್ಕೆಟ್ಟಿಗೆ ಮೈದಾಹಿಟ್ಟು ಮೆತ್ತಬೇಡಿ. ಒಮ್ಮೆ ಬಿದ್ದು ಪೆಟ್ಟಾದ ಹೆಲ್ಮೆಟ್ಟು ನೋಡಲು ಸರಿಯಾಗಿದ್ದರೂ ಕೆಲಸಕ್ಕೆ ಬಾರದು. ಅಡುಗೆ ಗ್ಯಾಸಿನ ರಬ್ಬರ್ ಪೈಪಿಗೆ 5 ವರ್ಷದ ಆಯುಸ್ಸು, ಬಿರುಕು ಕಂಡರೆ ಅಷ್ಟೂ ಕಾಯಬೇಡಿ. ಇವತ್ತು ರಾತ್ರಿ ಒಲೆ ಆರಿಸಿದ ಮೇಲೆ ಟಾರ್ಚು ಹಿಡಿದು ಆ ಪೈಪನ್ನೊಮ್ಮೆ ನೋಡಿಬಿಡಿ.

ನಮಸ್ಕಾರ.