ನಾಲ್ಕೆಳೆ ಕೂದಲಿನ ಕುಂಚ

ಈ ಕುಂಚ ನೋಡಿ. ಒಂದು ಸಣ್ಣ ಕಡ್ಡಿ, ತುದಿಗೆ ದಾರ ಸುತ್ತಿ ಕಟ್ಟಿದ ನಾಲ್ಕೆಳೆ ಕೂದಲು, ಅಷ್ಟೇ. ಕೂದಲು ಈ ಅಜ್ಜಿಯದೇ. ಬೆಳಗ್ಗಿಂದ ಇದೊಂದರಲ್ಲೇ ಗೆರೆ ಎಳೆಯುತ್ತಾ ಕೂತಿದ್ದಾರೆ.

ನಾನೀಗ ಪೆರು ದೇಶದ ಅಮೆಜಾನ್ ಸೀಮೆಯಲ್ಲಿದ್ದೇನೆ. ಪುಕಾಲ್ಪಾ ಪಟ್ಟಣದ ಪಕ್ಕದಲ್ಲಿ ಯಾರಿನಾಕೋಚಾ ಅಂತ ದೊಡ್ಡ ಕೆರೆ, ಉಕಾಯಾಲಿ ನದಿ ಎಂದೋ ದಾರಿ ಬದಲಿಸಿದಾಗ ಹಿಂದೆ ಉಳಿದ ನೀರು. ಅದರ ಮೇಲೆ ದೋಣಿಯಲ್ಲಿ ಬಂದರೆ ಈ ಸಾನ್ ಫ್ರಾನ್ಸಿಸ್ಕೋ ಹಳ್ಳಿ. ಶಿಪಿಬೊ-ಕೊನಿಬೊ ಜನರ ಊರು. ಇಲ್ಲಿ ಮಡಕೆ ಮಾಡುವುದು ಹೆಂಗಸರು.

ತಿಗರಿ ಇಲ್ಲ. ಜೇಡಿಮಣ್ಣಿಗೆ ಒಂದು ಮರದ ತೊಗಟೆ ಸುಟ್ಟ ಬೂದಿ, ಹಳೇ ಮಡಕೆಯ ಬೋಕಿ ಕುಟ್ಟಿದ ಪುಡಿ ಎರಡನ್ನೂ ಕಲಸುತ್ತಾರೆ, ಬೆಂಕಿಯಲ್ಲಿ ಬಿರುಕು ಬಿಡಬಾರದು ಅಂತ. ಆಮೇಲೆ ಮಣ್ಣನ್ನು ಉದ್ದಕ್ಕೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ, ಸೋರೆಬುರುಡೆಯ ಚೂರಿನಿಂದ ಸವರಿ ಸವರಿ ನುಣುಪು ಮಾಡಿ, ಮೇಲೆ ಬಿಳಿ ಮಣ್ಣು ಬಳಿಯುತ್ತಾರೆ. ಅದು ಒಣಗಿದ ಮೇಲೆ ಗೆರೆ.

ಇಲ್ಲೇ ನಾನು ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತುಬಿಟ್ಟೆ. ಚುಕ್ಕಿ ಇಟ್ಟುಕೊಂಡಿಲ್ಲ, ಅಳತೆ ಮಾಡಿಲ್ಲ, ಒಂದು ಗುರುತೂ ಹಾಕಿಲ್ಲ. ಮೊದಲು ದಪ್ಪ ಗೆರೆ, ಮಡಕೆಯ ಸುತ್ತ ಮೂಲೆಮೂಲೆಗೆ ಮಡಚಿಕೊಂಡು ಹೋಗುತ್ತದೆ. ಅದರ ಮಗ್ಗುಲಲ್ಲಿ ತೆಳು ಗೆರೆ. ಉಳಿದ ಜಾಗಕ್ಕೆ ಇನ್ನೂ ತೆಳುವಾದದ್ದು, ಕಣ್ಣು ಕಿರಿದು ಮಾಡಿ ನೋಡಬೇಕು. ಕೈ ಹೆಚ್ಚು ಓಡಾಡುವುದಿಲ್ಲ, ಎಡಗೈಯಲ್ಲಿ ಮಡಕೆಯನ್ನೇ ನಿಧಾನವಾಗಿ ತಿರುಗಿಸುತ್ತಾರೆ. ಎಲ್ಲಿಂದಲೋ ಹೊರಟ ಗೆರೆ ಸುತ್ತು ಬಂದು ಸರಿಯಾಗಿ ಮೊದಲಿನ ಜಾಗಕ್ಕೇ ಕೂಡಿತು ನೋಡಿ, ನನಗೆ ಮೈ ಜುಮ್ಮೆಂದಿತು.

ಈ ಚಿತ್ತಾರದ ಹೆಸರು ಕೆನೇ. ಹಾಲಿನ ಕೆನೆ ಅಲ್ಲ, ಕೊನೆಗೆ ಎಳೆದು ಹೇಳಬೇಕು. ರೋನಿನ್ ಅನ್ನುವ ಮಹಾ ಅನಕೊಂಡ ಹಾವಿನ ಚರ್ಮದಲ್ಲಿ ಎಲ್ಲಾ ಕೆನೇಯೂ ಇದೆ ಅನ್ನುವುದು ಇವರ ನಂಬಿಕೆ. ಹುಡುಗಿಯರು ಚಿಕ್ಕವರಿರುವಾಗ ಪಿರಿಪಿರಿ ಅನ್ನೋ ಗಿಡದ ರಸವನ್ನು ಕಣ್ಣಿಗೆ, ಹೊಕ್ಕುಳಿಗೆ ಹನಿ ಬಿಡುವ ಪದ್ಧತಿ ಇದೆ. ಚಿತ್ತಾರ ಮೊದಲು ಒಳಗೆ ಕಾಣಬೇಕು, ಕೈ ಆಮೇಲೆ. 2008ರಲ್ಲಿ ಪೆರು ಸರ್ಕಾರ ಕೆನೇಯನ್ನು ದೇಶದ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿತು. ಆದರೂ ಅಂಗಡಿಗಳಲ್ಲಿ ಇದನ್ನು ಬರೀ 'ಡಿಸೈನ್' ಅಂತ ಮಾರುವುದು ನೋಡಿದರೆ ಬೇಜಾರಾಗುತ್ತದೆ.

ಮರಗೆಣಸು ಹುಳಿಬರಿಸಿ ಮಾಡುವ ಮಸಾತೊ ಪಾನೀಯ ತುಂಬಿಡಲು ಚೋಮೊ ಅಂತ ದೊಡ್ಡ ದೊಡ್ಡ ಗುಡಾಣ ಮಾಡುತ್ತಿದ್ದರು. ಮೇಲರ್ಧಕ್ಕೆ ಬಿಳಿ ಬಳಿದು ಚಿತ್ತಾರ, ಕೆಳಗೆ ಬರೀ ಮಣ್ಣಿನ ಬಣ್ಣ. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಕೆಟ್ ಬಂದಿದೆ, ಕೊಳ್ಳುವವರು ಕೇಳುವುದು ಬ್ಯಾಗಿನಲ್ಲಿ ಹಿಡಿಯುವ ಪುಟ್ಟ ಬಟ್ಟಲನ್ನೇ.

ಸಂಜೆ ಹಿತ್ತಲಲ್ಲಿ ಕಟ್ಟಿಗೆ ಒಟ್ಟಿ, ಮೊದಲೇ ಒಣಗಿದ್ದ ಬಟ್ಟಲುಗಳನ್ನು ಸುಟ್ಟರು. ಬೆಂಕಿಯಿಂದ ತೆಗೆದ ಕೂಡಲೇ, ಬಿಸಿ ಆರುವ ಮುಂಚೆ, ಅಜ್ಜಿ ಮರದ ರಾಳದ ಗಟ್ಟಿಯನ್ನು ಬಟ್ಟಲಿನ ಮೈಗೆಲ್ಲಾ ಉಜ್ಜಿದರು. ರಾಳ ಕರಗಿ ಹರಿದಂತೆ ಮಂಕಾಗಿದ್ದ ಗೆರೆಗಳು ಒಂದೊಂದಾಗಿ ಮಿಂಚುತ್ತಾ ಬಂದವು.

ಅದರಲ್ಲಿ ಒಂದು ಬಟ್ಟಲು ತಗೊಂಡೆ. ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ. ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ದೋಣಿ ಹತ್ತಿದಾಗಲೂ ಅದು ಬೆಚ್ಚಗೇ ಇತ್ತು.